ಬಲೆ ತರಲು ಹೋದದ್ದು

ಸೆಪ್ಟೆಂಬರ್‌ನಲ್ಲಿ, ಸೆಮಿಸ್ಟರ್ ನಡುವೆ ಸಿಗುವ ಆಸ್ಟ್ರೇಲಿಯದ ವಸಂತದ ರಜೆಗೆ ಜನ ಬೀಚಿಗೆ ಹೋಗುತ್ತಾರೆ. ನಾವು ಗುಂಡಿ ತೋಡಲು ಹೋದೆವು. ಮೆಲ್ಬರ್ನ್‌ನಿಂದ ದೂರದ ಹಳ್ಳಿಯೊಂದರಲ್ಲಿ, ಕಾಡುಕಿಚ್ಚಿಗೆ ಸುಟ್ಟ ಜಮೀನಿನಲ್ಲಿ ಸಸಿ ನೆಡುವ ವಿದ್ಯಾರ್ಥಿ ಸೇವೆ. ಊಟ, ವಸತಿ ಪುಕ್ಕಟೆ. ರೆಸ್ಯೂಮೆಗೆ ‘ಸಮುದಾಯ ಸೇವೆ’ ಎಂದು ಒಂದು ಸಾಲು ಸಿಗುತ್ತದೆ. ನಮ್ಮ ಪರೋಪಕಾರದ ಬೇರು ಅಷ್ಟೇ ಆಳದ್ದು.

ಧಾರವಾಡದಿಂದ ಅವ್ವ ಫೋನಿನಲ್ಲಿ, “ಫೀ ಕಟ್ಟಿ ಓದಾಕ ಹೋದಾಕಿ, ಪಗಾರಿಲ್ಲದ ಕೂಲಿ ಮಾಡಾಕ ಹೊಂಟೀಯೇನ?” ಎಂದಳು.

ಜೊತೆಗೆ ಬಂದವಳು ಮೆಲ್ಬರ್ನ್‌ನ ಉಪನಗರ ಕ್ಲೇಟನ್ನಿನ ಬಾಡಿಗೆ ಮನೆಯಲ್ಲಿ ನನ್ನ ರೂಮ್‌ಮೇಟ್. ಉಡುಪಿಯವಳು, ಮನೆಮಾತು ತುಳು. ನಮ್ಮಿಬ್ಬರ ನಡುವೆ ಕನ್ನಡ. ನಾನು ಮಾತಾಡಿದರೆ ಜಗಳವೆಂದು ಅವಳೂ, ಅವಳು ಮಾತಾಡಿದರೆ ಪಠ್ಯಪುಸ್ತಕವೆಂದು ನಾನೂ ತಿಳಿದಿದ್ದೆವು.

ನಮ್ಮ ತಂಡದ ಮುಖಂಡ ಹ್ಯಾಟು ಹಾಕಿದ ಒಬ್ಬ ಅಜ್ಜ. ಮೊದಲ ದಿನ ಹಾವುಗಳ ಬಗ್ಗೆ ಎಷ್ಟು ಹೊತ್ತು ಭಾಷಣ ಮಾಡಿದನೆಂದರೆ, ಆಮೇಲೆ ನಾವೆಲ್ಲ ಹೊಸ ಸೊಸೆಯರ ಹಾಗೆ ನೆಲ ನೋಡಿಕೊಂಡೇ ಓಡಾಡಿದೆವು. ತಲೆ ಎತ್ತಿ ನೋಡಿರೆಂದು ಯಾರೂ ಹೇಳಲಿಲ್ಲ.

ಕೆಲಸ ಸುಲಭ. ಸಸಿ ನೆಡುವುದು, ಮೊಲ ತಿನ್ನದಂತೆ ಸುತ್ತ ಪ್ಲಾಸ್ಟಿಕ್ ಬಲೆ ಕಟ್ಟುವುದು. ಬಲೆಯ ಸುರುಳಿಯನ್ನು ಯಾರೋ ಅರೆಸುಟ್ಟ ನೀಲಗಿರಿ ಮರದ ಬುಡದಲ್ಲಿ ಇಟ್ಟಿದ್ದರು. ಮಧ್ಯಾಹ್ನ ಗಾಳಿ ಎದ್ದಿತು. ನಾವು ಐದಾರು ಮಂದಿ ಆ ಮರದ ಸುತ್ತಮುತ್ತಲೇ ಇದ್ದೆವು, ನನ್ನ ರೂಮ್‌ಮೇಟ್ ಒಬ್ಬಳೇ ದಿಬ್ಬದ ಮೇಲಿದ್ದಳು. ನನ್ನ ತಲೆಯ ಮೇಲೆಲ್ಲೋ ಪಟಾಕಿ ಸಿಡಿದಂಥ ಸದ್ದು. ದಿಬ್ಬದ ಮೇಲಿಂದ ಅವಳ ಕೂಗು:

“ಬಲೆ! ಬಲೆ! ಬಲೆ!”

ಚೀನಾದ ಹುಡುಗಿ ದಿಬ್ಬದತ್ತ ಓಡಿದಳು. ಇಬ್ಬರು ಆಸ್ಟ್ರೇಲಿಯದವರು ಓಡಿದರು. ದೆಹಲಿಯವನು ಎಲ್ಲರಿಗಿಂತ ಮೊದಲೇ ಓಡಿದ್ದ. ಅವರಿಗೆ ಆ ಮಾತು ಅರ್ಥವಾಗಿರಲಿಲ್ಲ, ಅವಳ ಮುಖ ಅರ್ಥವಾಗಿತ್ತು. ಕನ್ನಡ ಬಲ್ಲವಳು ನಾನೊಬ್ಬಳೇ. ಇವಳಿಗೆ ಬಲೆ ಬೇಕಂತೆ, ಅದಕ್ಕೆ ಇಷ್ಟೊಂದು ಅರಚಬೇಕೇ ಎಂದು ಗೊಣಗುತ್ತ ಮರದ ಬುಡಕ್ಕೇ ಹೋಗಿ ಬಗ್ಗಿದೆ.

ಸುರುಳಿಯ ಅಂಚು ಬೇರಿಗೆ ಸಿಕ್ಕಿಕೊಂಡಿತ್ತು. ಜಗ್ಗಿದೆ. ಕೈ ಜಾರಿ ಹಿಂದಕ್ಕೆ ಕುಕ್ಕರಿಸಿ ಬಿದ್ದೆ. ನಾನು ಬಗ್ಗಿದ್ದ ಜಾಗಕ್ಕೆ ನನ್ನ ಸೊಂಟಕ್ಕಿಂತ ದಪ್ಪದ ಕೊಂಬೆ ಬಂದು ಬಿತ್ತು. ಬೂದಿ ಹಾರಿತು. ನನ್ನ ಬೂಟಿನ ತುದಿಯ ಮೇಲೆ ಎಲೆಗಳಿದ್ದವು.

ಅವಳು ಓಡಿ ಬಂದವಳೇ ಬೆನ್ನಿಗೆ ಗುದ್ದಿದಳು. “ಕಿವಿ ಕೇಳುದಿಲ್ವಾ ನಿಂಗೆ? ಬಾ ಅಂದ್ರೆ ಅಲ್ಲಿಗೇ ಹೋಗುದಾ?”

“ನೀ ಎಲ್ಲಿ ಬಾ ಅಂದಿ? ಬಲೆ ಅಂದಿ!”

“ಬಲೆ ಅಂದ್ರೆ ಬನ್ನಿ ಅಂತ ಮಾರಾಯ್ತಿ! ತುಳುವಿನಲ್ಲಿ!”

“ನನಗೇನ ಗೊತ್ತs? ಕನ್ನಡದಾಗ ಒದರಬೇಕಿಲ್ಲೋ!”

“ನೀನು ಸಾಯುವುದನ್ನು ನೋಡ್ತಾ ಟ್ರಾನ್ಸ್‌ಲೇಟ್ ಮಾಡ್ಲಿಕ್ಕೆ ಆಗ್ತದಾ?” ಎಂದು ಅಲ್ಲೇ ಕೂತು ಅಳತೊಡಗಿದಳು. ನಾನು ನಗುತ್ತಿದ್ದೆ. ನಿಲ್ಲಿಸಲು ಆಗಲಿಲ್ಲ. ನಮ್ಮ ಕಡೆ ಬಲೆಗೆ ‘ಬಲಿ’ ಅನ್ನುತ್ತಾರೆ ಎಂಬುದೂ ಆಗಲೇ ನೆನಪಾಗಬೇಕೇ!

ಅಜ್ಜ ಬಿಳಚಿಕೊಂಡು ಬಂದು ಕೇಳಿದ: ಇವಳು ನಿನ್ನನ್ನು ಎಚ್ಚರಿಸಲಿಲ್ಲವೇ? ಎಚ್ಚರಿಸಿದಳು. ನಿನಗೆ ಅರ್ಥವಾಗಲಿಲ್ಲವೇ? ಅರ್ಥವಾಯಿತು, ಅದೇ ತೊಂದರೆ ಎಂದೆ. ಆತ ನನ್ನ ತಲೆಗೆ ಪೆಟ್ಟಾಗಿದೆಯೇ ಎಂದು ಮುಟ್ಟಿ ನೋಡಿದ.

ಕೊಂಬೆ ಮುರಿದ ಆ ಸದ್ದು ಮಾತ್ರ ನನ್ನ ಜೊತೆಗೇ ಕ್ಲೇಟನ್ನಿಗೆ ಬಂತು. ಅಂದಿನಿಂದ ಫುಟ್‌ಪಾತಿನ ಮರಗಳ ಕೆಳಗೆ ನಡೆಯಲಾಗದೆ ರಸ್ತೆಗೆ ಇಳಿಯುತ್ತಿದ್ದೆ. ಮರದಿಂದ ತಪ್ಪಿಸಿಕೊಂಡವಳು ಬಸ್ಸಿನಡಿ ಹೋಗುವುದು ಬೇಡವೆಂದು ಅವಳು ತೋಳು ಹಿಡಿದು ನಡೆಸುತ್ತಿದ್ದಳು.

ಮುಂದೆ ಮದುವೆಯಾಗಿ ಸಿಡ್ನಿಗೆ ಬಂದು ಮನೆ ಹುಡುಕುವಾಗ, ಮಾರ್ಸ್ಡನ್ ಪಾರ್ಕ್ ಎಂಬ ಹೊಸ ಬಡಾವಣೆಯಲ್ಲಿ ನೆರಳಿಲ್ಲವೆಂದು ಏಜೆಂಟ್ ಮುಜುಗರಪಟ್ಟ. ಗಂಡ ಮುಖ ಸಿಂಡರಿಸಿದರು. ನಾನು ಸುತ್ತ ನೋಡಿದೆ. ನನಗಿಂತ ಎತ್ತರದ ಒಂದೂ ಮರವಿರಲಿಲ್ಲ. ಇದೇ ಇರಲಿ ಎಂದೆ.

ಈಚೆಗೆ ಎದುರುಮನೆಯವರು ನೀಲಗಿರಿ ಸಸಿ ನೆಟ್ಟಿದ್ದಾರೆ, ಮೊಣಕಾಲೆತ್ತರದ್ದು. “ಚೆನ್ನಾಗಿದೆ ಅಲ್ವಾ ಆಂಟಿ?” ಎಂದು ಕೇಳಿದರು. ತುಂಬ ಚೆನ್ನಾಗಿದೆ ಎಂದೆ. ಕಾರು ಮಾತ್ರ ಆ ಕಡೆ ನಿಲ್ಲಿಸುವುದಿಲ್ಲ.