ತುಂಬು ಬಸುರಿಗೊಂದು ಬಾಡಿಗೆ ಮನೆ

ಕೋವಿಡ್ ಎರಡನೇ ಅಲೆ ಮುಗಿದ ಮರುವರ್ಷ. ನಾನು ತುಮಕೂರು ನಗರದ ಒಂದು ಆರೋಗ್ಯ ಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ; ಜನರ ಬಾಯಲ್ಲಿ ಸಿಸ್ಟರ್. ಗರ್ಭಿಣಿಯರಿಗೆ ತಾಯಿ ಕಾರ್ಡ್ ಮಾಡಿಕೊಡುವುದು, ಹೆರಿಗೆಯ ನಂತರ ಮನೆಗೆ ಹೋಗಿ ತಾಯಿ-ಮಗುವನ್ನು ನೋಡಿ ಬರುವುದು ನನ್ನ ಕೆಲಸ.

ಶೆಟ್ಟಿಹಳ್ಳಿಯ ಖಾಲಿ ಸೈಟೊಂದರಲ್ಲಿ, ಟಾರ್ಪಾಲಿನ ಕೆಳಗೆ ಸಾಬಿತ್ರಿ ಸಿಕ್ಕಳು. ಒಡಿಶಾದವಳು, ಚೊಚ್ಚಲ ಬಸುರಿ, ಎಂಟನೇ ತಿಂಗಳು. ಗಂಡ ರಂಜಿತ್ ಸೆಂಟ್ರಿಂಗ್ ಕೆಲಸಗಾರ. ಕಟ್ಟಡ ಮುಗಿದ ದಿನವೇ ಮೇಸ್ತ್ರಿ ಇವರಿದ್ದ ಶೆಡ್ ಬಿಚ್ಚಿಸಿದ್ದ. ರೇಷನ್ ಕಾರ್ಡ್ ಊರಲ್ಲಿತ್ತು, ಅದರಲ್ಲಿ ಅವಳ ಹೆಸರಿರಲಿಲ್ಲ. ಇಲ್ಲಿ ಯಾವ ಅರ್ಜಿ ಹಾಕಲೂ ವಿಳಾಸದ ಪುರಾವೆ ಬೇಕು; ಪುರಾವೆಗೆ ಬಾಡಿಗೆ ಕರಾರು ಬೇಕು; ಕರಾರಿಗೆ ಮೊದಲು ಮನೆ ಬೇಕು. ಬಾಡಿಗೆ ಕೊಡಲು ರಂಜಿತ್ ಸಿದ್ಧನಿದ್ದ. ಮನೆ ಕೊಡುವವರಿರಲಿಲ್ಲ.

ಹಿಂದಿನ ಚಳಿಗಾಲ ಇಂಥದ್ದೇ ಟಾರ್ಪಾಲಿನ ಕೆಳಗೆ ಆರು ದಿನದ ಕೂಸೊಂದರ ಮೈ ಮುಟ್ಟಿದ್ದೆ. ತಣ್ಣಗಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಹೆರಿಗೆಗೆ ಮೊದಲು ಇವರಿಗೆ ನಾಲ್ಕು ಗೋಡೆಯ ಒಂದು ಕೋಣೆ ಸಿಗಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಗಂಡ ಹೆಂಡತಿ ಇಬ್ಬರೇ ಹೋದರೆ, “ಹಿಂದಿಯವ್ರಿಗೆ ಕೊಡಲ್ಲ. ಇಬ್ರು ಅಂತ ಬಂದು ಹತ್ತು ಜನ ಸೇರ್ಕೊತೀರ” ಎನ್ನುತ್ತಿದ್ದರು. ಸರ್ಕಾರದವಳು ಮುಂದೆ ನಿಂತರೆ ನಂಬುತ್ತಾರೆಂದು ನಾನೇ ಬಿಳಿ ಕೋಟು ತೊಟ್ಟು, ರಿಜಿಸ್ಟರ್ ಹಿಡಿದು ಜೊತೆಗೆ ಹೊರಟೆ. ಆದದ್ದು ಬೇರೆ. ಟು-ಲೆಟ್ ಬೋರ್ಡ್ ತೂಗುತ್ತಿದ್ದ ಮನೆಗಳಿಂದಲೂ, ಕಿಟಕಿಯ ಸಂದಿಯಲ್ಲೇ, “ಬುಕ್ಕಾಗೋಯ್ತು” ಎಂಬ ಉತ್ತರ. ಏಳನೇ ಮನೆಯ ಯಜಮಾನರು ಒಳಗೆ ಹೋಗಿ ಮಾಸ್ಕ್ ಹಾಕಿಕೊಂಡು ಬಂದರು. “ಸಿಸ್ಟರ್, ಇವ್ರಿಗೇನು ಪಾಸಿಟಿವ್ವಾ?”

ಆಗ ಅರ್ಥವಾಯಿತು. ಸೋಂಕಿತರ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುತ್ತಾ ಈ ಬೀದಿಗಳಲ್ಲಿ ಓಡಾಡಿದ್ದವಳು ನಾನೇ. ಸಾಬಿತ್ರಿಗೆ ಬಾಗಿಲು ಮುಚ್ಚಿಸುತ್ತಿದ್ದದ್ದು ನನ್ನ ಕೋಟು. ರಸ್ತೆಯಲ್ಲೇ ಅದನ್ನು ಬಿಚ್ಚಿ ಮಡಿಸಿದೆ.

ಮುಂದಿನ ಭಾನುವಾರ ಮಾಮೂಲಿ ಸೀರೆಯುಟ್ಟು, ಸಾಬಿತ್ರಿಯನ್ನು ಕರೆದುಕೊಂಡು ಮರಳೂರಿಗೆ ಹೋದೆ. ಅರವತ್ತು ದಾಟಿದ ಗೌರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಮನೆಯ ಹಿಂಭಾಗದ ಕೋಣೆ ಖಾಲಿಯಿತ್ತು.

“ಎಷ್ಟ್ ತಿಂಗ್ಳು?”

“ಎಂಟು ತುಂಬ್ತಾ ಇದೆ.”

“ಚೊಚ್ಚಲಾ? ತವ್ರಿಗೆ ಕಳಿಸ್ದೆ ಬಿಸ್ಲಲ್ಲಿ ಯಾಕ್ ಸುತ್ತಿಸ್ತಿದೀರಾ?”

“ಅಮ್ಮ ಇಲ್ಲ,” ಎಂದಳು ಸಾಬಿತ್ರಿ, ತಾನೇ, ಕನ್ನಡದಲ್ಲಿ.

ಗೌರಮ್ಮ ನನ್ನ ಕಡೆ ತಿರುಗಿದರು. “ನೀವೇನಾಗ್ಬೇಕು ಇವ್ಳಿಗೆ?”

ಚಿಕ್ಕಮ್ಮ ಎಂದು ಸುಳ್ಳು ಹೇಳಲು ಸಿದ್ಧಳಾಗಿಯೇ ಹೋಗಿದ್ದೆ. ಬಾಯಿ ಬರಲಿಲ್ಲ. “ಏನೂ ಆಗ್ಬೇಕಿಲ್ಲಮ್ಮ. ನಾನು ಆಸ್ಪತ್ರೆ ಸಿಸ್ಟರ್.”

“ದನಿ ಕೇಳ್ದಾಗ್ಲೇ ಅನ್ಕೊಂಡೆ ಕಣಮ್ಮ. ನಮ್ ಬಾಗ್ಲಿಗೆ ಸ್ಟಿಕ್ಕರ್ ಮೆತ್ತಿ ಹೋದೋಳು ನೀನೇ. ಮುಖ ಇವತ್ತೇ ನೋಡಿದ್ದು. ಪರ್ವಾಗಿಲ್ಲ, ಚೆನ್ನಾಗೇ ಇದೀಯ.”

ಇನ್ನು ಕೆಲಸ ಕೆಟ್ಟಿತೆಂದು ಎದ್ದೆ. ಅವರು ಮೊರ ಪಕ್ಕಕ್ಕಿಟ್ಟರು.

“ಕೂತ್ಕೊ. ಹದಿನಾಲ್ಕು ದಿನ ಒಬ್ರೂ ನಮ್ ಗೇಟ್ ಮುಟ್ಲಿಲ್ಲ. ನಾನೇನ್ ತಪ್ಪು ಮಾಡಿದ್ದೆ? ಈ ಹುಡ್ಗಿ ಏನ್ ಮಾಡೈತೆ?”

ಕುಣಿಗಲ್‌ನಲ್ಲಿದ್ದ ಮಗನಿಗೆ ಅಲ್ಲೇ ಫೋನ್ ಮಾಡಿದರು. ಅವನು ಒಪ್ಪಲಿಲ್ಲ. ಯಾರೋ ಏನೋ, ಮನೆಗೆ ಪುರುಡಾಗುತ್ತದೆ ಎಂದ. ಪುರುಡೆಂದರೆ ಹೆರಿಗೆಯಾದ ಮನೆಗೆ ತಗಲುವ ಮೈಲಿಗೆ. ಅದಕ್ಕೆ ಅಂಜಿ ತುಂಬು ಬಸುರಿಗೆ ಮನೆ ಕೊಡದವರು ನಮ್ಮಲ್ಲಿ ಈಗಲೂ ಇದ್ದಾರೆ.

“ನೀನ್ ಹುಟ್ದಾಗ್ಲೂ ಇದೇ ಮನೆಗೆ ಪುರುಡಾಗಿತ್ತು ಕಣ್ಲಾ. ಮನೆ ಬಿದ್ದೋಯ್ತಾ? ಫೋನಿಡು.”

ಮೂರನೇ ದಿನ ಶಿರಾ ಗೇಟ್‌ನಲ್ಲಿ ಕರಾರು ಟೈಪಾಯಿತು; ಸಾಕ್ಷಿಯ ಜಾಗದಲ್ಲಿ ನನ್ನ ಸಹಿ. ಆ ಕೋಣೆಯಲ್ಲಿ ಸಾಬಿತ್ರಿ ಹಾಲುಕ್ಕಿಸಿದಳು. ಅದೇ ಕರಾರಿನ ಮೇಲೆ ರೇಷನ್ ಕಾರ್ಡಿನ ಅರ್ಜಿಯೂ ಸ್ವೀಕಾರವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಹೆಣ್ಣು ಮಗು, ಸುಖ ಹೆರಿಗೆ.

ಡಿಸ್ಚಾರ್ಜ್ ಆದ ಮರುದಿನ ನೋಡಲು ಹೋದರೆ ಗೌರಮ್ಮ ಗೇಟಿನಲ್ಲೇ ತಡೆದರು. “ಈಗ್ತಾನೆ ಎರ್ದು, ಸಾಂಬ್ರಾಣಿ ಹಾಕಿ ಮಲಗ್ಸಿದೀನಿ. ನಿನ್ ತಕ್ಕಡಿ ಆಮೇಲ್ ತಗೊಂಡ್ ಬಾ.”

ಒಬ್ಬ ಸಿಸ್ಟರ್‌ಗೆ ಅದಕ್ಕಿಂತ ಒಳ್ಳೆಯ ಬೈಗುಳ ಸಿಗಲಾರದು. ಬೀದಿಯಲ್ಲೇ ಅರ್ಧ ಗಂಟೆ ಕಾದೆ.

ತೂಕ, ಬಿಪಿ, ರಕ್ತ ಎಂದು ನಾವು ಗರ್ಭಿಣಿಯನ್ನು ಪರೀಕ್ಷಿಸುತ್ತೇವೆ. ಹೆರಿಗೆಯಾದ ಮೇಲೆ ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತೀಯ ಎಂಬ ಪ್ರಶ್ನೆಗೆ ತಾಯಿ ಕಾರ್ಡಿನಲ್ಲಿ ನಾನು ಜಾಗ ಕಂಡಿರಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೂ ನಾನು ಮೊದಲು ಕೇಳಿದ್ದು ಅದನ್ನೇ.