ಪೈಪಿಗೆ ಕಿವಿ ಹಚ್ಚಿದ ಅಕ್ಕ

ನಾನು ಚಿಕ್ಕವಳಿದ್ದಾಗ ನಿದ್ದೆಯಲ್ಲೂ ಠಣ್ ಠಣ್ ಸದ್ದು ಕೇಳುತ್ತಿತ್ತು. ನನ್ನ ಅಪ್ಪ, ಅಂದರೆ ನಿಮ್ಮ ಮುತ್ತಜ್ಜ, ಹುಣಸಗಿಯ ಆಚೆ ಕೃಷ್ಣಾ ದಂಡೆಯಲ್ಲಿ ಬಾವಿ ತೋಡುತ್ತಿದ್ದ. ಅಲ್ಲಿ ಮೇಲೆ ಕರಿಮಣ್ಣು, ಕೆಳಗೆ ಬರೀ ಒದ್ದೆ ಉಸುಕು. ನಿಮ್ಮಂತೆಯೇ ಅದೂ ಹೇಳಿದ ಮಾತು ಕೇಳುವುದಿಲ್ಲ. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಜಾರಿ ಬರುತ್ತದೆ.

ಅದಕ್ಕೇ ಅಪ್ಪ ದಿನವೂ ಕಬ್ಬಿಣದ ಪೈಪೊಂದನ್ನು ತಿರುಗಿಸುತ್ತಾ ನೆಲದೊಳಗೆ ಇಳಿಸಿ, ಮುಂದಿನ ನೆಲ ಹೇಗಿದೆ ಎಂದು ನೋಡುತ್ತಿದ್ದ. ಆಮೇಲೆ ಅದರ ಪಕ್ಕದಲ್ಲೇ ತೋಡಿ, ಸುತ್ತ ಹಲಗೆ ಕಟ್ಟುತ್ತಾ ಇಳಿಯುತ್ತಿದ್ದ. ಬಾವಿಯೊಳಗಿದ್ದವನನ್ನು ಕೂಗಿ ಕರೆಯಬಾರದು, ನೆಲ ಕೇಳಿಸಿಕೊಳ್ಳುತ್ತದೆ ಎಂಬುದು ಆ ಕೆಲಸದವರ ಕಟ್ಟಳೆ. ಕೆಳಗಿನಿಂದ ಅಪ್ಪ ಪೈಪಿಗೆ ಸುತ್ತಿಗೆ ಬಡಿದರೆ ‘ಇದ್ದೇನೆ’ ಎಂದರ್ಥ. ಮೇಲಿನಿಂದ ನನ್ನ ಅಕ್ಕ ಕಲ್ಲು ಬಡಿದು ‘ನಾವೂ ಇದ್ದೇವೆ’ ಎನ್ನುತ್ತಿದ್ದಳು.

ಆ ದಿನ ಪೈಪು ಗಟ್ಟಿಯಾದ ಏನಕ್ಕೋ ತಾಗಿ ನಿಂತಿತು. ಅಪ್ಪನ ಮುಖ ಅರಳಿತು.

“ಕಲ್ಲು ಹತ್ತೇದ. ಇನ್ನ ಹಲಗಿ ಬ್ಯಾಡ,” ಎಂದು ಹಾಗೆಯೇ ತೋಡಲು ಇಳಿದ. ಆದರೆ ಪೈಪಿಗೆ ತಾಗಿದ್ದು ನೆಲದ ಬಂಡೆಯಲ್ಲ, ಉಸುಕಿನಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಕಲ್ಲು. ಮಧ್ಯಾಹ್ನ ಅಕ್ಕ ರೊಟ್ಟಿಯ ಗಂಟು ಬಿಚ್ಚುವಾಗ ಬಾವಿ ನಿಟ್ಟುಸಿರು ಬಿಟ್ಟಂತಾಯಿತು. ಬಗ್ಗಿ ನೋಡಿದರೆ ಒಳಗೆಲ್ಲ ಉಸುಕು.

ಊರವರು ಸಲಿಕೆ ಹಿಡಿದು ಓಡಿ ಬಂದರು. ತೆಗೆದಷ್ಟೂ ತುಂಬುತ್ತಿತ್ತು. ಅಕ್ಕ ಪೈಪಿಗೆ ಕಿವಿ ಹಚ್ಚಿದಳು.

“ಅಪ್ಪ ಇದ್ದಾನ. ಬಡಿಯಾಕತ್ತಾನ.”

ನಾನೂ ಕಿವಿ ಇಟ್ಟೆ. ಬಿಸಿಲಿಗೆ ಕಾದ ಕಬ್ಬಿಣ ಕೆನ್ನೆ ಸುಟ್ಟಿತು. ಒಳಗಿನಿಂದ ಠಣ್ ಎಂಬ ಸಣ್ಣ ಸದ್ದು ಬಂತು. ಅಕ್ಕ ಪ್ರತಿ ಸಲವೂ ಉತ್ತರ ಕೊಟ್ಟಳು. ಹೊತ್ತು ಇಳಿಯುವಾಗ ನನಗೆ ಏನೂ ಕೇಳಿಸಲಿಲ್ಲ. ಆದರೂ ಅಕ್ಕ ಬಡಿಯುತ್ತಲೇ ಇದ್ದಳು. ಯಾರೋ ಸಾಕು ಎಂದು ಅವಳ ಕೈ ಹಿಡಿದರು.

“ನಾ ಬಿಟ್ರ, ಮ್ಯಾಲ ಯಾರೂ ಇಲ್ಲಂತ ಅಪ್ಪ ತಿಳೀತಾನ,” ಎಂದಳು.

ಅಪ್ಪ ಜೀವಂತವಾಗಿ ಮೇಲೆ ಬರಲಿಲ್ಲ. ಆ ಪೈಪನ್ನು ಯಾರೂ ಕೀಳಲಿಲ್ಲ. ಅಕ್ಕ ಇರುವವರೆಗೂ ಆ ದಾರಿಯಲ್ಲಿ ಹೋದಾಗಲೆಲ್ಲ ಅದಕ್ಕೊಮ್ಮೆ ಬಡಿದು, ಕಿವಿ ಹಚ್ಚಿ ಕಾಯುತ್ತಿದ್ದಳು. ನನಗೆ ಭಯವಾಗುತ್ತಿತ್ತು.

ಮೊನ್ನೆ ಶಹಾಪುರದ ಆಚೆ ಗಣಿಗಾಗಿ ನೆಲ ಕೊರೆಯುವ ದೊಡ್ಡ ಯಂತ್ರ ಕಂಡು ನೀವು ಕುಣಿದಿರಿ. ಕೊರೆಯಲು ಒಬ್ಬನೂ ಕೆಳಗೆ ಇಳಿಯುವುದಿಲ್ಲ, ಮೇಲೆ ಕುಳಿತು ಬಟನ್ ಒತ್ತುತ್ತಾರೆ. ಅದನ್ನು ನೋಡಿ ನನ್ನ ಎದೆ ಹಗುರಾಯಿತು.

ದೀಪ ಆರಿಸಿದ ಮೇಲೆ ನಾನು ನಿಮ್ಮ ಕೋಣೆಯ ಗೋಡೆಗೆ ಬಡಿಯುತ್ತೇನಲ್ಲ, ನೀವು ನಗುತ್ತಾ ತಿರುಗಿ ಬಡಿಯುತ್ತೀರಿ. ನಿಮಗೆ ಅದು ಆಟ. ನನಗೆ ಆ ಸದ್ದು ಕೇಳಿದ ಮೇಲೆಯೇ ನಿದ್ದೆ.