ಅಕ್ಕನ ಸೋಪಿಗೆ ಬಿದ್ದ ಅರಿಶಿನ

ಮಧ್ಯಾಹ್ನದ ಬಿಸಿಲಿಗೆ ಬಳ್ಳಾರಿ ಬಾಗಿಲು ಮುಚ್ಚಿಕೊಂಡು ಮಲಗಿರುವಾಗ ನಾನು ಮಾಳಿಗೆಯ ಮೇಲಿನ ಕೋಣೆಗೆ ಹೋಗಿ ಸೋಪು ನೋಡುತ್ತ ಕೂಡುತ್ತಿದ್ದೆ. ಹಳೆಯ ಪೇಪರ್ ಹಾಸಿದ ಹಲಗೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟಿದ್ದೆ, ಕಾನ್ವೆಂಟಿನಲ್ಲಿ ಮಾರ್ನಿಂಗ್ ಪ್ರೇಯರ್‌ಗೆ ನಿಂತ ಹುಡುಗಿಯರ ಹಾಗೆ. ಕಿಟಕಿಯಾಚೆ ಕೋಟೆಗುಡ್ಡದ ಬಂಡೆಗಳು ಕಾದು ಬೆಳ್ಳಗೆ ಕಾಣುತ್ತಿದ್ದವು. ಹಸಿ ಸೋಪಿನಲ್ಲಿ ಇನ್ನೂ ಸೋಡಾದ ಖಾರ ಇರುತ್ತದಂತೆ, ಮೈಗೆ ಹಚ್ಚಬಾರದು. ಗಾಳಿಗಿಟ್ಟು ಒಂದು ತಿಂಗಳಾದರೂ ಕಾಯಬೇಕು. ನಾನು ಕಾಯುತ್ತ ಕಾಯುತ್ತ ಕೂತಲ್ಲೇ ತೂಕಡಿಸುತ್ತಿದ್ದೆ. ಕೊಬ್ಬರಿ ಎಣ್ಣೆಯ ವಾಸನೆ ನಿದ್ದೆಯೊಳಗೂ ಬರುತ್ತಿತ್ತು. ಎಚ್ಚರವಾದಾಗ ಮೊದಲು ನೆನಪಾಗುವವಳು ಅಕ್ಕ.

ಅಕ್ಕ ಇರುವುದು ಸಿರುಗುಪ್ಪದಲ್ಲಿ, ಮಗ ಸೊಸೆಯ ಜೊತೆ. ನನಗಿಂತ ಬಹಳ ದೊಡ್ಡವಳು. ಅವಳನ್ನು ಬೇಗ ಮದುವೆ ಮಾಡಿ ಕಳಿಸಿದರು. ಕೊನೆಯವಳೆಂದು ನನ್ನನ್ನು ಅಪ್ಪ ಮುದ್ದು ಮಾಡಿ ಕಾನ್ವೆಂಟಿಗೆ ಹಾಕಿದರು. ಹರೆಯದಲ್ಲೇ ಅವಳ ಗಂಡ ತೀರಿಕೊಂಡರು. ಅಂದಿನಿಂದ ಅವಳದು ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಒಗೆದು ಒಣಗಿಸಿಟ್ಟ ಸೀರೆಯುಟ್ಟು, ಯಾರನ್ನೂ ಮುಟ್ಟದೆ ದೇವರ ಮನೆಗೆ ಹೋಗಬೇಕು. ಅಂಗಡಿ ಸೋಪನ್ನು ಅವಳು ಜನ್ಮದಲ್ಲಿ ಹಚ್ಚಿಕೊಂಡವಳಲ್ಲ. “ಅದರಾಗ ಯಾವ ಪ್ರಾಣಿ ಕೊಬ್ಬು ಹಾಕಿರ್ತಾರೋ ಯಾರಿಗೆ ಗೊತ್ತು?” ಅನ್ನುವಳು. ಕಡಲೆಹಿಟ್ಟು, ಸೀಗೆಕಾಯಿ, ಅಷ್ಟೇ.

ಈಗ ಆ ಮೈ ಒಣಗಿ ಬಿರಿಯತೊಡಗಿತ್ತು. ಬಳ್ಳಾರಿಗೆ ಕರೆಸಿಕೊಂಡು ಸ್ಕಿನ್ ಡಾಕ್ಟರಿಗೆ ತೋರಿಸಿದೆ. ಹಿಟ್ಟು, ಸೀಗೆಕಾಯಿ ಎರಡೂ ಬಂದ್ ಅಂದರು, ಎಣ್ಣೆಯಂಶ ಹೆಚ್ಚಿರುವ ಮೈಲ್ಡ್ ಸೋಪು ಬರೆದುಕೊಟ್ಟರು. ಅಕ್ಕ ಆ ಚೀಟಿಯನ್ನು ಅಲ್ಲಿಯೇ ನನ್ನ ಮಡಿಲಿಗೆ ಹಾಕಿದಳು. ಹಿಟ್ಟು ಹಚ್ಚಿದರೆ ರಕ್ತ. ಬರೀ ನೀರು ಸುರಿದುಕೊಂಡರೆ ಅವಳ ಮನಸ್ಸಿಗೆ ಅದು ಸ್ನಾನವೇ ಅಲ್ಲ. ಸ್ನಾನವಿಲ್ಲದ ಮೇಲೆ ಪೂಜೆ ಎಲ್ಲಿಯದು? ಸಿರುಗುಪ್ಪಕ್ಕೆ ಮರಳಿದ ಅಕ್ಕ ಪಡಸಾಲೆಯಲ್ಲಿ ಕೂತು, ಸೊಸೆ ಪೂಜೆ ಮಾಡುವುದನ್ನು ದೂರದಿಂದ ನೋಡುತ್ತಾಳೆಂದು ಅವಳ ಮಗ ಫೋನಿನಲ್ಲಿ ಹೇಳಿದ. ಇಷ್ಟು ವರ್ಷ ಅವಳ ದಿನದಲ್ಲಿ ಅವಳದೆಂದು ಇದ್ದದ್ದು ಪೂಜೆಯ ಅದೊಂದೇ ಹೊತ್ತು.

“ನಾನೇ ಮನ್ಯಾಗ ಸೋಪು ಮಾಡಿಕೊಡ್ತೀನಿ,” ಎಂದು ಅಕ್ಕನಿಗೆ ಫೋನಿನಲ್ಲಿ ಅಂದೆ.

“ನೀನು? ಕಾನ್ವೆಂಟ್ ದೊರೆಸಾನಿ! ಅನ್ನಕ್ಕ ನೀರು ಎಷ್ಟು ಇಡಬೇಕು ಅಂತ ಇನ್ನಾ ಗೊತ್ತಿಲ್ಲ ನಿನಗ.”

“ಯೂಟ್ಯೂಬ್ ನೋಡಿ ಮಾಡ್ತೀನಿ. ಪ್ಯೂರ್ ವೆಜಿಟೇರಿಯನ್. ಮಡೀಲೇ ಮಾಡ್ತೀನಿ, ಸಾಕಾ?”

“ಮಾಡು, ನೋಡೋಣ,” ಅಂದಳು. ಆದರೆ ಮರುದಿನವೇ ತಾನೇ ಫೋನ್ ಮಾಡಿ, ಶುರು ಮಾಡಿದೆಯಾ ಎಂದು ಕೇಳಿದಳು.

ಎಣ್ಣೆಗೆ ಕುರುಗೋಡಿಗೆ ಹೋದೆ. ಅಲ್ಲೊಬ್ಬರು ಗಾಣ ಇಟ್ಟಿದ್ದಾರೆ, ಕಣ್ಣೆದುರೇ ಹಿಂಡಿಕೊಡುತ್ತಾರೆ. ಕೊಬ್ಬರಿ, ಶೇಂಗಾ, ಸ್ವಲ್ಪ ಔಡಲ ಅಂದರೆ ಹರಳೆಣ್ಣೆ.

“ಇಷ್ಟು ಎಣ್ಣಿ ಏನ್ ಮಾಡ್ತೀರಮ್ಮಾ? ಮನ್ಯಾಗ ಮದುವಿ ಐತೇನ್ರಿ?” ಎಂದ ಗಾಣದವ.

“ಇಲ್ಲಪ್ಪ, ಸೋಪಿಗೆ.”

“ಯವ್ವಾ! ಇಂಥಾ ಎಣ್ಣಿ ಸೋಪಿಗಾ? ನಮ್ಮ ಮನ್ಯಾಗ ತಿನ್ನಾಕ ಪಾಮಾಯಿಲ್ ತರತೀವ್ರಿ!”

ಬಸ್ಸಿನಲ್ಲಿ ಕ್ಯಾನನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮಾಡಿದ್ದು ಹಿತ್ತಲಿನಲ್ಲಿ. ಯಾವ ಅಡುಗೆಗೂ ಮುಟ್ಟದ ಹೊಸ ಸ್ಟೀಲ್ ಪಾತ್ರೆ, ಕೈಗೆ ಗ್ಲೌಸ್, ಕಣ್ಣಿಗೆ ಗಾಗಲ್ಸ್. ನೀರಿಗೆ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವೇ ಉದುರಿಸಬೇಕು, ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಒಲೆಯಿಲ್ಲದೆಯೇ ಪಾತ್ರೆ ಕಾದು ಹೊಗೆಯಾಡಿದಾಗ ನಾನು ಹುಡುಗಿಯ ಹಾಗೆ ಒಂದು ಹೆಜ್ಜೆ ಹಿಂದೆ ಹಾರಿದೆ. ತಣಿದ ಮೇಲೆ ಎಣ್ಣೆಗೆ ಬೆರೆಸಿ ತಿರುವುತ್ತ ಕೂತೆ. ತಿರುವುತ್ತ ತಿರುವುತ್ತ ಎಣ್ಣೆ ಮಂಜು ಕಟ್ಟಿದಂತಾಯಿತು, ಮಜ್ಜಿಗೆಯಾಯಿತು, ದೋಸೆ ಹಿಟ್ಟಾಯಿತು. ಚಮಚ ಎತ್ತಿ ಬಿಟ್ಟ ಎಳೆ ಮುಳುಗದೆ ಮೇಲೆಯೇ ನಿಂತರೆ ಹದ ಬಂತು ಅಂತ, ಅದಕ್ಕೆ ಟ್ರೇಸ್ ಅನ್ನುತ್ತಾರೆ. ನಾನು ಸುಮ್ಮನೆ ಒಂದು ರಂಗೋಲಿ ಎಳೆ ಬಿಟ್ಟೆ. ನಿಂತಿತು. ಹೌ ಲವ್ಲಿ, ಅಂದುಕೊಂಡೆ. ಆ ಖುಷಿಯಲ್ಲೇ, ಬಿರಿದ ಚರ್ಮಕ್ಕೆ ಒಳ್ಳೆಯದೆಂದು, ಒಂದು ಚಮಚ ಅರಿಶಿನ ಹಾಕಿಬಿಟ್ಟೆ.

ನೋಡನೋಡುತ್ತ ಹಳದಿ ಹೋಗಿ ರಕ್ತಗೆಂಪಾಯಿತು. ಒಂದು ಗಳಿಗೆ ಏನೋ ಕೆಟ್ಟಿತೆಂದು ಹೆದರಿದೆ. ಆಮೇಲೆ ನಗು ಬಂತು. ಇದು ನಮ್ಮ ಓಕುಳಿ! ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತೇವಲ್ಲ, ಅದೇ. ನನ್ನ ಮಕ್ಕಳ ಹೆಸರಿಡುವಾಗ ಅಕ್ಕ ಅಡುಗೆ ಮನೆಯಲ್ಲೇ ದೂರ ನಿಂತು, “ಸುಣ್ಣ ಇನ್ನೊಂದು ಚೂರು, ಹಾಂ, ಸಾಕು,” ಎಂದು ಹೇಳಿಕೊಡುತ್ತಿದ್ದಳು. ಬೆರೆಸುವುದು, ತಟ್ಟೆ ಹಿಡಿಯುವುದು ಬೇರೆಯವರು. ಅವಳು ಅರಿಶಿನ ಮುಟ್ಟುವಂತಿರಲಿಲ್ಲ.

ತಿರುವುತ್ತಿದ್ದ ಕೈ ಅಲ್ಲಿಗೆ ನಿಂತಿತು. ಅಕ್ಕನ ಸೋಪಿಗೆ ಅರಿಶಿನ! ಗಂಡ ಹೋದ ದಿನದಿಂದ ಅವಳ ಮೈಗೆ ತಾಗದ ವಸ್ತು. ಮಡಿ, ಹೊಸ ಪಾತ್ರೆ, ಶುದ್ಧ ಎಣ್ಣೆ ಎಂದು ಇಷ್ಟೆಲ್ಲ ನೋಡಿಕೊಂಡವಳು ಇದೊಂದನ್ನು ಮರೆತಿದ್ದೆ. ಸೋಪು ಅದಾಗಲೇ ಗಟ್ಟಿಯಾಗುತ್ತಿತ್ತು. ಅಚ್ಚಿಗೆ ಸುರಿದೆ.

ಬೇರೆ ಬ್ಯಾಚ್ ಮಾಡಿದರೆ ಮತ್ತೆ ತಿಂಗಳು ಕಾಯಬೇಕು. ಅಕ್ಕ ಆಗಲೇ ಫೋನಿನಲ್ಲಿ, “ಒಣಗಿತೇನ? ಬೆರಳಿಲೆ ಒತ್ತಿ ನೋಡಿದೇನ?” ಎಂದು ಅವಸರ ಮಾಡುತ್ತಿದ್ದಳು. ಕೆಂಪು ಬಣ್ಣ ತಾನೆ, ದಾಸವಾಳದ್ದು ಅಂದರಾಯಿತು ಎಂದು ಒಂದು ಮನಸ್ಸು. ಆದರೆ ಬಣ್ಣ ನಿಲ್ಲಲಿಲ್ಲ. ಮಾಳಿಗೆಯ ಆ ಮಧ್ಯಾಹ್ನಗಳಲ್ಲಿ ಅದು ನನ್ನ ಕಣ್ಣೆದುರೇ ನಿಧಾನವಾಗಿ ತಿರುಗಿತು: ಇಟ್ಟಿಗೆಯಾಯಿತು, ಕೇಸರಿಯಾಯಿತು, ಕೊನೆಗೆ ಯಾರು ನೋಡಿದರೂ ಅರಿಶಿನ ಅನ್ನುವ ಹೊಂಬಣ್ಣಕ್ಕೆ ಬಂತು. ಮುಚ್ಚಿಡುವ ಮಾತೇ ಉಳಿಯಲಿಲ್ಲ.

ಸಿರುಗುಪ್ಪದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆಗಳಲ್ಲಿ ಕಾಲುವೆಯ ನೀರು ನಿಂತು ಆಕಾಶ ಕಾಣುತ್ತಿತ್ತು. ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಸೋಪಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಅದನ್ನು ಅಂಗೈಗೆ ಇಟ್ಟುಕೊಂಡಳು, ಮೂಸಿದಳು. ಇನ್ನೊಮ್ಮೆ ಮೂಸಿದಳು.

“ಅಕ್ಕಾ, ಅದರಾಗ ಅರಿಶಿನ ಬಿದ್ದದ. ನನಗ ಹೊಳೀಲೇ ಇಲ್ಲ. ಬ್ಯಾಡ ಅಂದ್ರ ಬ್ಯಾಡ, ಇನ್ನೊಂದು ಬ್ಯಾಚ್ ಮಾಡ್ತೀನಿ.”

“ಕೆಂಪಾಗಿತ್ತೇನ?”

“ಓಕುಳಿ ಹಂಗ.”

ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಷ್ಟು ಇಂಗ್ಲಿಷ್ ಓದಿ, ಅರಿಶಿನಕ್ಕ ಸುಣ್ಣದಂಥಾ ಖಾರ ಬಿದ್ರ ಕೆಂಪಾಗ್ತದ ಅಂತ ತಿಳೀಲಿಲ್ಲೇನ ನಿನಗ? ಹುಚ್ಚಿ!”

ನಗು ನಿಂತ ಮೇಲೂ ಸೋಪು ಅಂಗೈಯಲ್ಲೇ ಇತ್ತು. ಒಳಗೆ ಸೊಸೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದಳು.

“ತೊಳಕೊಂಡ್ರ ಹೋಗ್ತದಲ್ಲ, ಬಣ್ಣ?”

“ಹೋಗ್ತದ. ಮೈಗೆ ಹತ್ತಂಗಿಲ್ಲ.”

“ಒಂದ್ ಚೂರೂ ಹತ್ತಂಗಿಲ್ಲ?”

ಕೇಳಿದವಳೇ ಸೋಪು ಹಿಡಿದು ಎದ್ದು ಬಚ್ಚಲಿಗೆ ಹೋದಳು.

ಹೊರಗೆ ಮೆಟ್ಟಿಲ ಮೇಲೆ ಕೂತೆ. ತಂಬಿಗೆಯ ಸದ್ದು, ನೀರು ಬೀಳುವ ಸದ್ದು. ಆಮೇಲೆ ಸದ್ದು ನಿಂತಿತು. ಉರಿಯಿತೇನೋ ಎಂದು ನಾನು ಏಳುವ ಹೊತ್ತಿಗೆ ಒಳಗಿಂದ ಕೂಗು:

“ಲೇ, ಬಾ ಇಲ್ಲಿ. ಬೆನ್ನಿಗೆ ಕೈ ಹೋಗವಲ್ದು.”

“ನಾ ಮುಟ್ಟಿದ್ರ ನಡೀತದ?”

“ಮಡಿ ನೀರು ಇನ್ನಾ ಹಾಕ್ಕೋಬೇಕಲ್ಲ, ಬಾ.”

ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಹೋದೆ. ನನ್ನನ್ನು ಎತ್ತಿ ಆಡಿಸಿದ ಆ ಬೆನ್ನು ಈಗ ನನ್ನ ಎರಡು ಅಂಗೈಯಗಲ ಇತ್ತು. ಮೆಲ್ಲಗೆ ಹಚ್ಚಿದೆ. ನೊರೆ ಕಡಿಮೆ, ಆದರೆ ಬೆಣ್ಣೆಯ ಹಾಗೆ ನುಣ್ಣಗೆ ಬಂತು, ನಡುನಡುವೆ ತೆಳು ಹಳದಿ.

“ಉರೀತದೇನ?”

“ಇಲ್ಲ. ಇನ್ನೊಂದು ಸಲ ಹಚ್ಚು.”

ಹಚ್ಚಿದೆ. ನೀರು ಹಾಕಿಕೊಳ್ಳುವ ಮೊದಲು ಅವಳು ಮುಂಗೈಯನ್ನು ಬೆಳಕಿಗೆ ಹಿಡಿದು ಒಂದಿಷ್ಟು ಹೊತ್ತು ನೋಡಿದಳು. ನಾನು ಹೊರಗೆ ಬಂದೆ.

ಒಣಗಿದ ಸೀರೆಯುಟ್ಟು ಬಂದವಳು ದೇವರ ಮನೆಯ ಕಡೆಗೆ ನಡೆದಳು. ನಾನು ದಾರಿಯಲ್ಲೇ ಮರೆತು ನಿಂತಿದ್ದೆ.

“ಆಚೆ ಸರಿ, ಮುಟ್ಟೀಗಿಟ್ಟಿ,” ಅಂದಳು. ಗೋಡೆಗೆ ಒತ್ತಿ ನಿಂತೆ. ಒಳಗಿನಿಂದ ಸೊಸೆ ಪೂಜೆಯ ಹೂವಿನ ಬುಟ್ಟಿಯನ್ನು ಅವಳ ಮುಂದೆ ನೆಲಕ್ಕಿಟ್ಟು ಹಿಂದೆ ಸರಿದಳು.